ಅಟ್ಟದ ಮೇಲಿನ ಲೆಕ್ಕದ ಪುಸ್ತಕ: ಊರಲ್ಲಿ ನಡೆದ ಜಾತಿ ಹಿಂಸೆಯ ಕಡತ ಕಟ್ಟುವುದು ಹೇಗೆ

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ಹೊಸನಗರ ತಾಲ್ಲೂಕಿನ ಒಂದು ಅಡಿಕೆ ತೋಟದ ಮನೆಯವನು. ನಮ್ಮಜ್ಜನ ಕಾಲದಲ್ಲಿ ಮನೆಯಲ್ಲಿ ಜೀತದಾಳುಗಳಿದ್ದರು. ಇದು ಯಾರೋ ಹೇಳಿದ್ದಲ್ಲ, ಅಟ್ಟದ ಮೇಲೆ ಸಿಕ್ಕಿದ ಲೆಕ್ಕದ ಪುಸ್ತಕದಲ್ಲಿ ನಾನೇ ಓದಿದ್ದು. ಉದ್ದನೆ ಪುಸ್ತಕ, ಕೆಂಪು ಬಟ್ಟೆಯ ರಟ್ಟು, ಒಲೆಯ ಹೊಗೆ ಹತ್ತಿ ಅಂಚೆಲ್ಲ ಕಪ್ಪಾಗಿತ್ತು, ಬಹುಶಃ ಅದಕ್ಕೇ ಹುಳ ಮುಟ್ಟಿರಲಿಲ್ಲ. ಒಂದು ಪುಟದಲ್ಲಿ ಒಬ್ಬನ ಹೆಸರು. ಬರೀ ಹೆಸರು, ಅಪ್ಪನ ಹೆಸರಿಲ್ಲ, ಮನೆ ಹೆಸರಿಲ್ಲ. ಕೆಳಗೆ "ಮದುವೆ ಬಗ್ಗೆ ರೂ. 60, ಭತ್ತ 2 ಖಂಡುಗ". ಮುಂದಿನ ವರ್ಷದ ಪುಟದಲ್ಲಿ ಅದೇ ಹೆಸರು, ಬಾಕಿ ಜಾಸ್ತಿ. ಹನ್ನೊಂದು ವರ್ಷ ಆದಮೇಲೆ ಆ ಹೆಸರು ಹೋಗಿ ಮಗನ ಹೆಸರು ಬಂದಿದೆ. ಬಾಕಿ ಮಾತ್ರ ಹಾಗೇ ಇದೆ.

ಅದನ್ನು ಹಿಡಿದುಕೊಂಡು ಏನು ಮಾಡಬೇಕು ಅಂತ ನನಗೆ ಗೊತ್ತಿರಲಿಲ್ಲ. ನಾಲ್ಕೈದು ವರ್ಷ ಅಲ್ಲಿ ಇಲ್ಲಿ ಕೇಳಿ, ತಪ್ಪು ಮಾಡಿ, ಬೈಸಿಕೊಂಡು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಜೀತ, ಬಹಿಷ್ಕಾರ, ಕಂಬಕ್ಕೆ ಕಟ್ಟಿ ಹೊಡೆದದ್ದು, ಹೆಣ ಹೂಳಲು ಜಾಗ ಕೊಡದೇ ಇದ್ದದ್ದು, ಇಂಥದ್ದು ನಿಮ್ಮೂರಲ್ಲೂ ನಡೆದಿರುತ್ತದೆ. ಅದನ್ನು ಯಾರಾದರೂ ಬರೆದಿಡಬೇಕು ಅಂತ ಅನ್ನಿಸಿದ್ದರೆ ಈ ಬರಹ ನಿಮಗೆ.

ಎಂತಕ್ಕೆ ಇದೆಲ್ಲ ಈಗ?

ಈ ಪ್ರಶ್ನೆ ಎಲ್ಲರೂ ಕೇಳುತ್ತಾರೆ. "ಆಗಿದ್ದು ಆಗಿಹೋಯ್ತು, ಮಾತಾಡಿ ಸರಿ ಮಾಡಿಕೊಂಡ್ರೆ ಆಯ್ತು" ಅಂತ. ಮಾತಾಡಿ ಸರಿ ಮಾಡುವುದು ತಪ್ಪಲ್ಲ. ಬೇರೆ ದೇಶಗಳಲ್ಲಿ ಅದನ್ನೇ ಒಂದು ಥರದ ನ್ಯಾಯ ಅಂತ ಕರೆಯುತ್ತಾರೆ: ತಪ್ಪು ಮಾಡಿದವರು ಒಪ್ಪಿಕೊಳ್ಳಬೇಕು, ಅನುಭವಿಸಿದವರು ಏನು ಬೇಕೋ ಹೇಳಬೇಕು, ಕಳೆದದ್ದರಲ್ಲಿ ಆದಷ್ಟು ತುಂಬಿಕೊಡಬೇಕು. ಆದರೆ ನಮ್ಮ ಕಡೆ "ಮಾತಾಡಿ ಸರಿ ಮಾಡೋದು" ಅಂದರೆ ರಾಜಿ ಪಂಚಾಯ್ತಿ. ಪೆಟ್ಟು ತಿಂದವನಿಗೆ ಒಂದಿಷ್ಟು ದುಡ್ಡು ಕೊಟ್ಟು, ಅವನ ಕೈಲೇ ಹೆಬ್ಬೆಟ್ಟು ಒತ್ತಿಸಿ ಕಳಿಸುವುದು. ನನಗೆ ಸಿಕ್ಕ ಒಂದು ಮುಚ್ಚಳಿಕೆ ಹೀಗೆ ಶುರುವಾಗುತ್ತದೆ: "ಪಂಚರ ಸಮಕ್ಷಮ ಬರೆಸಿಕೊಟ್ಟ ಮುಚ್ಚಳಿಕೆ ಏನೆಂದರೆ". ಓದುತ್ತಾ ಹೋದರೆ ಹೊಡೆದವನು ಬರೆದುಕೊಟ್ಟದ್ದಲ್ಲ ಅದು, ಹೊಡೆಸಿಕೊಂಡವನು ಬರೆದುಕೊಟ್ಟದ್ದು, ಇನ್ನು ಮುಂದೆ ಒಡೇರ ಎದುರು ಚಪ್ಪಲಿ ಮೆಟ್ಟಿ ನಡೆಯುವುದಿಲ್ಲ ಅಂತ. ಹೊಡೆದದ್ದರ ಬಗ್ಗೆ ಒಂದು ಸಾಲೂ ಇಲ್ಲ. ರಾಜಿಗೂ ಈ ನ್ಯಾಯಕ್ಕೂ ಇರುವ ವ್ಯತ್ಯಾಸ ಇಷ್ಟೇ ನೋಡಿ. ರಾಜಿಗೆ ನಡೆದದ್ದು ಬರವಣಿಗೆಯಲ್ಲಿ ಉಳಿಯಬಾರದು, ಇದಕ್ಕೆ ಉಳಿಯಲೇಬೇಕು.

ಕೋರ್ಟ್ ಇದೆಯಲ್ಲ ಅನ್ನಬಹುದು. 2000ನೇ ಇಸವಿ ಮಾರ್ಚ್‌ನಲ್ಲಿ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳು ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಆ ಕಡೆ ದಲಿತರ ಗುಡಿಸಲುಗಳಿಗೆ ಬೆಂಕಿ ಹಚ್ಚಿದ ಕೊಪ್ಪಳದ ಮರಕುಂಬಿ ಪ್ರಕರಣದಲ್ಲಿ ಹತ್ತು ವರ್ಷ ಆದಮೇಲೆ, 2024ರಲ್ಲಿ, ಸೆಷನ್ಸ್ ಕೋರ್ಟ್ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಎರಡೂ ಆಗುತ್ತದೆ. ಕೋರ್ಟಿನ ಕಾಗದವೊಂದನ್ನೇ ನಂಬಿದರೆ ಕಂಬಾಲಪಲ್ಲಿಯ ಆ ಏಳು ಜನರನ್ನು ಯಾರೂ ಸುಡಲಿಲ್ಲ ಅಂತ ಆಗುತ್ತದೆ, ಅಲ್ವಾ?

ಕಡತದಿಂದ ಏನಾದರೂ ಸಿಗುತ್ತದಾ ಅಂತ ಕೇಳುವವರಿಗೆ ನಾನು ಅಮೆರಿಕದ ರೋಸ್‌ವುಡ್ ಕತೆ ಹೇಳುತ್ತೇನೆ. ಫ್ಲೋರಿಡಾ ರಾಜ್ಯದ ಸಣ್ಣ ಊರು, ಅಲ್ಲಿ ಇದ್ದವರಲ್ಲಿ ಹೆಚ್ಚಿನವರು ಕಪ್ಪುಜನ. 1923ರ ಜನವರಿಯಲ್ಲಿ ಬಿಳಿಯರ ಗುಂಪು ಅದನ್ನು ಸುಟ್ಟುಹಾಕಿತು. ಉಳಿದವರು ಓಡಿಹೋದರು, ಎಪ್ಪತ್ತು ವರ್ಷ ಸರ್ಕಾರ ಸುಮ್ಮನಿತ್ತು. ಆಮೇಲೆ ಬದುಕಿದ್ದವರ ಹೇಳಿಕೆ, ಹಳೆ ಪತ್ರಿಕೆ, ಜಮೀನಿನ ದಾಖಲೆ ಎಲ್ಲ ಸೇರಿಸಿ ಇತಿಹಾಸದ ಮೇಷ್ಟ್ರುಗಳು ವರದಿ ಬರೆದರು. 1994ರಲ್ಲಿ ಆ ರಾಜ್ಯ ಪರಿಹಾರದ ಕಾನೂನು ಮಾಡಿತು. ಆಗ ಬದುಕಿದ್ದ ಒಬ್ಬೊಬ್ಬರಿಗೂ ಒಂದೂವರೆ ಲಕ್ಷ ಡಾಲರ್ ಕೊಟ್ಟರು, ಮೊಮ್ಮಕ್ಕಳ ಓದಿಗೆ ನಿಧಿ ಇಟ್ಟರು. ಅದು ಜನಾಂಗದ ಹಿಂಸೆ, ನಮ್ಮದು ಜಾತಿಯದ್ದು. ಎರಡೂ ಒಂದೇ ಅಂತ ನಾನು ಹೇಳುವುದಿಲ್ಲ. ಆದರೆ ಕೆಲಸ ಮಾಡುವ ದಾರಿಯನ್ನು ಅವರಿಂದ ಕಲಿಯಬಹುದು.

ಶುರು ಮಾಡುವ ಮುಂಚೆ

ರೆಕಾರ್ಡರ್ ತೆಗೆದುಕೊಂಡು ಕೇರಿಗೆ ಹೋಗಬೇಡಿ. ಮೊದಲು ಬರಿಗೈಲಿ ಹೋಗಿ. ಆ ಮನೆಯವರಿಗೆ ಇದು ಬೇಕಾ, ಬೇಕಾದರೆ ಯಾಕೆ ಬೇಕು ಅಂತ ಕೇಳಿ. ನಾನು ತಿಳಿದುಕೊಂಡಿದ್ದು ಎಲ್ಲರಿಗೂ ಕ್ಷಮೆ ಬೇಕು ಅಂತ. ಒಂದು ಮನೆಯವರು ಕೇಳಿದ್ದು ಸ್ಮಶಾನಕ್ಕೆ ಹೋಗುವ ದಾರಿ ಸರ್ವೆ ನಕ್ಷೆಯಲ್ಲಿ ಬರಬೇಕು ಅಂತ. ಇನ್ನೊಬ್ಬರಿಗೆ ಬೇಕಿದ್ದದ್ದು ಅಪ್ಪ ಸತ್ತ ತಾರೀಖು, ಅಷ್ಟೇ. ಮೂರನೆಯವರು ಏನೂ ಬೇಡ, ನಮ್ಮ ಹೆಸರು ತರಬೇಡಿ ಅಂದರು. ಅದೂ ಉತ್ತರವೇ, ಅಲ್ಲಿಗೆ ಬಿಡಬೇಕು. ಏನು ಬೇಕು ಅನ್ನುವುದು ಗೊತ್ತಾದರೆ ಯಾವ ಕಾಗದ ಹುಡುಕಬೇಕು ಅನ್ನುವುದೂ ಗೊತ್ತಾಗುತ್ತದೆ. ದಾರಿ ಬೇಕಿದ್ದವರಿಗೆ ಹಳೆ ಗ್ರಾಮ ನಕ್ಷೆ ಬೇಕು, ಸತ್ತ ತಾರೀಖು ಬೇಕಿದ್ದವರಿಗೆ ಅದರಿಂದ ಏನೂ ಉಪಯೋಗ ಇಲ್ಲ.

ನನ್ನ ಥರ ಜಮೀನಿದ್ದ ಮನೆಯವರಾಗಿದ್ದರೆ ನಿಮ್ಮ ಕೆಲಸ ಬೇರೆಯವರ ಜಗಲಿಯಿಂದ ಶುರುವಾಗುವುದಲ್ಲ, ನಿಮ್ಮ ಅಟ್ಟದಿಂದ. ಲೆಕ್ಕದ ಪುಸ್ತಕ, ಸಾಲದ ಪತ್ರ, ಆಳುಗಳಿಗೆ ಕೊಟ್ಟ ಬಟ್ಟೆ ಭತ್ತದ ಪಟ್ಟಿ, ಹಳೇ ಪಂಚಾಯ್ತಿ ಕಾಗದ. ಇವು ಜೀತಕ್ಕಿದ್ದವರ ಮನೆಯಲ್ಲಿ ಸಿಗುವುದೇ ಇಲ್ಲ, ಬರೆದವರ ಮನೆಯಲ್ಲೇ ಸಿಗುವುದು. ಅಮೆರಿಕದಲ್ಲಿ ಐಡಾ ಬಿ. ವೆಲ್ಸ್ ಎಂಬ ಪತ್ರಕರ್ತೆ 1890ರ ದಶಕದಲ್ಲಿ ಕಪ್ಪುಜನರನ್ನು ಗುಂಪು ಸೇರಿ ಕೊಂದ ಪ್ರಕರಣಗಳ ಪಟ್ಟಿ ಮಾಡಿದರು, ಅದೂ ಬಿಳಿಯರದೇ ಪತ್ರಿಕೆಗಳ ಅಂಕಿ ಇಟ್ಟುಕೊಂಡು, ಸುಳ್ಳು ಅನ್ನಲು ಯಾರಿಗೂ ಬಾಯಿ ಬರದ ಹಾಗೆ. ಅಜ್ಜನ ಕೈಬರಹವೂ ಹಾಗೇ. ಮನೆಯವರು ಬೈಯುತ್ತಾರೆ. ನಮ್ಮ ಚಿಕ್ಕಪ್ಪ ಆರು ತಿಂಗಳು ಮಾತು ಬಿಟ್ಟಿದ್ದರು.

ಕಾಗದ ಎಲ್ಲೆಲ್ಲಿ ಸಿಗುತ್ತದೆ

ದೊಡ್ಡ ಸುದ್ದಿಯಾದದ್ದು ಸುಲಭ. 1986ರ ಮಾರ್ಚ್‌ನಲ್ಲಿ ಸೊರಬದ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆ ತಡೆಯಲು ಹೋದವರ ಮೇಲೆ, ಪೊಲೀಸರ ಮೇಲೂ, ಹಲ್ಲೆ ಆಯಿತಲ್ಲ, ಅದರ ವರದಿ ಹಳೇ ಪತ್ರಿಕೆಗಳಲ್ಲಿ ಬೇಕಾದಷ್ಟಿದೆ. ಬಿ. ಕೃಷ್ಣಪ್ಪನವರು ಮತ್ತು ಗೆಳೆಯರು ಭದ್ರಾವತಿಯಲ್ಲಿ ಕಟ್ಟಿದ ದಲಿತ ಸಂಘರ್ಷ ಸಮಿತಿಯ ಹಳೆಯ ಕಾರ್ಯಕರ್ತರ ಮನೆಗಳಲ್ಲಿ ಕರಪತ್ರ, ಮನವಿ ಪತ್ರಗಳಿರುತ್ತವೆ, ತಪ್ಪದೇ ಕೇಳಿ. ಕಷ್ಟ ಇರುವುದು ಸಣ್ಣ ಸಂಗತಿಗಳಲ್ಲಿ, ಒಂದು ಊರಿನ ಒಂದು ಮನೆಗೆ ಆದದ್ದರಲ್ಲಿ.

ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಭೂ ನ್ಯಾಯ ಮಂಡಳಿಯ ಕಡತಗಳಿವೆ. ಅರಸು ಕಾಲದಲ್ಲಿ, 1974ರ ಭೂಸುಧಾರಣೆ ತಿದ್ದುಪಡಿ ಆದಮೇಲೆ, ಗೇಣಿದಾರರು ಉಳುವ ಜಮೀನು ತಮ್ಮ ಹೆಸರಿಗೆ ಆಗಬೇಕು ಅಂತ ಫಾರಂ 7 ಅರ್ಜಿ ಹಾಕಿದರು. ಜೀತಕ್ಕಿದ್ದವನಿಗೆ ಗೇಣಿ ಚೀಟಿಯೇ ಇರಲಿಲ್ಲ, ಹಾಗಾಗಿ ಅವನ ಹೆಸರು ಅರ್ಜಿದಾರರ ಪಟ್ಟಿಯಲ್ಲಿ ಇರುವುದಿಲ್ಲ. ಆದರೆ ಕಡತದ ಒಳಗೆ ಸಾಕ್ಷಿ ಹೇಳಿಕೆಗಳಿರುತ್ತವೆ, ಯಾರು ಉಳುತ್ತಿದ್ದರು, ಯಾರು ಕೊಯ್ಯುತ್ತಿದ್ದರು ಅಂತ. ಅಲ್ಲಿ ಅವನ ಹೆಸರು ಇಣುಕುತ್ತದೆ. ಜೀತ ಪದ್ಧತಿ ರದ್ದು ಮಾಡಿದ 1976ರ ಕಾಯ್ದೆ ಬಂದಮೇಲೆ ಬಿಡುಗಡೆಯಾದವರ ಪಟ್ಟಿ ಇತ್ತಾ ಅಂತಲೂ ಕೇಳಿ. ಹಳೇ ಮೈಸೂರು ಕಾಲದ ಬರಹಗಳಲ್ಲಿ ಮಲೆನಾಡಿನ "ಹುಟ್ಟಾಳು", "ಮಣ್ಣಾಳು" ಅನ್ನುವ ಮಾತುಗಳು ಸಿಗುತ್ತವೆ. ಮನೆಯಲ್ಲೇ ಹುಟ್ಟಿದ ಆಳು, ಮಣ್ಣಿನ ಜೊತೆ ಸೇರಿಕೊಂಡ ಆಳು. ಜಮೀನು ಮಾರಿದರೆ ಮಣ್ಣಾಳೂ ಜೊತೆಗೆ ಹೋಗಬೇಕು.

ನನಗೆ ತುಂಬ ಉಪಯೋಗಕ್ಕೆ ಬಂದದ್ದು ಯಾರೂ ಹೇಳದ ಒಂದು ಪುಸ್ತಕ: ಶಾಲೆಯ ದಾಖಲಾತಿ ರಿಜಿಸ್ಟರ್. ಒಂದು ಕೇರಿಯ ನಾಲ್ಕು ಮಕ್ಕಳು ಒಂದೇ ವಾರದಲ್ಲಿ ಶಾಲೆ ಬಿಟ್ಟಿದ್ದಾರೆ, ಕಾರಣದ ಜಾಗದಲ್ಲಿ "ಊರು ಬಿಟ್ಟಿರುತ್ತಾರೆ". ಬಹಿಷ್ಕಾರ ಹಾಕಿದ್ದು ಯಾವಾಗ ಅಂತ ಊರಲ್ಲಿ ಒಬ್ಬೊಬ್ಬರು ಒಂದೊಂದು ವರ್ಷ ಹೇಳುತ್ತಿದ್ದರು. ಮೇಷ್ಟ್ರು ನೀಲಿ ಶಾಯಿಯಲ್ಲಿ ತಾರೀಖು ಬರೆದಿಟ್ಟಿದ್ದರು.

ಕಚೇರಿಯಲ್ಲಿ ಕೊಡುವುದಿಲ್ಲ ಅಂದರೆ ಆರ್‌ಟಿಐ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ, ಆದ್ದರಿಂದ ಕತೆ ಬರೆಯಬೇಡಿ, ಸರ್ವೆ ನಂಬರು, ವರ್ಷ, ಕಡತದ ಹೆಸರು ಇಷ್ಟೇ ಬರೆಯಿರಿ. 20 ವರ್ಷಕ್ಕಿಂತ ಹಳೆಯ ಘಟನೆಯಾದರೆ ಕಾಯ್ದೆಯ ಸೆಕ್ಷನ್ 8(3) ಹೆಸರಿಸಿ, ಮಾಹಿತಿ ತಡೆಹಿಡಿಯಲು ಇರುವ ಹೆಚ್ಚಿನ ಕಾರಣಗಳು ಅಷ್ಟು ಹಳೆಯದಕ್ಕೆ ಅನ್ವಯಿಸುವುದಿಲ್ಲ.

ಬಹಳ ಸಲ ಬರುವ ಉತ್ತರ "ಕಡತ ಲಭ್ಯವಿರುವುದಿಲ್ಲ". ಬೇಜಾರಾಗಿ ಆ ಹಿಂಬರಹವನ್ನು ಎಸೆಯಬೇಡಿ, ಅದಕ್ಕೂ ನಂಬರು ಹಾಕಿ ಕಡತಕ್ಕೆ ಸೇರಿಸಿ. ಇಲ್ಲ ಅನ್ನುವುದೂ ದಾಖಲೆಯೇ. ಅಮೆರಿಕದ ಟಲ್ಸಾದಲ್ಲಿ 1921ರಲ್ಲಿ ಕಪ್ಪುಜನರ ಇಡೀ ಬಡಾವಣೆ ಸುಟ್ಟರು. ಗಲಾಟೆ ಶುರುವಾದ ಮೇ 31ರ ಟಲ್ಸಾ ಟ್ರಿಬ್ಯೂನ್ ಪತ್ರಿಕೆಯನ್ನು ಮೈಕ್ರೋಫಿಲ್ಮ್ ಮಾಡುವ ಹೊತ್ತಿಗೆ ಮುಖಪುಟದ ಒಂದು ಸುದ್ದಿಯನ್ನು, ಸಂಪಾದಕೀಯ ಪುಟದ ಬಹುಭಾಗವನ್ನು ಯಾರೋ ಹರಿದುಹಾಕಿದ್ದರು. ಆ ತೂತಿನ ಬಗ್ಗೆ ಜನ ಇವತ್ತಿಗೂ ಮಾತಾಡುತ್ತಾರೆ.

ಮಾತು ಕೇಳುವುದು

ಮಳೆಗಾಲದಲ್ಲಿ ರೆಕಾರ್ಡ್ ಮಾಡಬೇಡಿ. ಸುಮ್ನೆ ಹೇಳುತ್ತಿಲ್ಲ, ಪುನರ್ವಸು ಮಳೆಯಲ್ಲಿ ಶೀಟಿನ ಮಾಡಿನ ಕೆಳಗೆ ಕೂತು ಎರಡು ಗಂಟೆ ಮಾಡಿದ ರೆಕಾರ್ಡಿಂಗ್ ನನ್ನ ಹತ್ತಿರ ಇದೆ, ಅದರಲ್ಲಿ ಇರುವುದು ಮಳೆ ಮಾತ್ರ. ಅಡಿಕೆ ಸುಲಿಯುವ ಕಾಲದಲ್ಲಿ ರಾತ್ರಿ ಎಲ್ಲರೂ ಒಟ್ಟಿಗೆ ಕೂತಿರುತ್ತಾರೆ, ಮಾತು ಸಲೀಸಾಗಿ ಬರುತ್ತದೆ ಅನ್ನಿಸುತ್ತದೆ. ಆದರೆ ಅವರು ಕೂತಿರುವುದು ಯಾರ ಅಂಗಳದಲ್ಲಿ? ಅಲ್ಲಿ ಕೇಳಬೇಡಿ. ಅವರ ಮನೆಯಲ್ಲಿ, ಅವರು ಹೇಳಿದ ಹೊತ್ತಿಗೆ, ಅವರು ಕರೆದವರ ಎದುರಿಗೆ ಮಾತ್ರ.

"ಆಗ ನಿಮಗೆ ಹೇಗನ್ನಿಸ್ತು" ಅಂತ ಟಿವಿಯವರ ಥರ ಕೇಳಬೇಡಿ. ಆವತ್ತು ಬೆಳಿಗ್ಗೆ ಏನು ಕೆಲಸಕ್ಕೆ ಹೋಗಿದ್ರಿ, ಗಂಜಿ ಕುಡಿದಾಗಿತ್ತಾ, ಗದ್ದೆಯಲ್ಲಿ ನೀರಿತ್ತಾ ಅಂತ ಕೇಳಿ. ಮಿಕ್ಕದ್ದು ತಾನಾಗೇ ಬರುತ್ತದೆ. ಬರದಿದ್ದರೆ ಅವತ್ತು ಬೇಡ. ಮಾತು ನಿಂತಾಗ ನೀವೂ ಸುಮ್ಮನಿರಿ.

ತಾರೀಖು ಯಾರಿಗೂ ನೆನಪಿರುವುದಿಲ್ಲ, ಆದರೆ ಕಾಲ ನೆನಪಿರುತ್ತದೆ. ಅದಕ್ಕೆ ಒಂದು ಊರ ಪಂಚಾಂಗ ಮಾಡಿಕೊಳ್ಳಿ. ಕಾಗೋಡು ಸತ್ಯಾಗ್ರಹ 1951. ಲಿಂಗನಮಕ್ಕಿ ಅಣೆಕಟ್ಟಿನ ನೀರು ನಿಂತದ್ದು 1964. ಎಮರ್ಜೆನ್ಸಿ 1975ರಿಂದ 77. ಇಂದಿರಾ ಗಾಂಧಿ ಚಿಕ್ಕಮಗಳೂರಿಗೆ ನಿಂತದ್ದು 1978, ಸತ್ತದ್ದು 1984. ಬಂಗಾರಪ್ಪ ಮುಖ್ಯಮಂತ್ರಿ ಆದದ್ದು 1990. ಸಾಗರದ ಮಾರಿಜಾತ್ರೆ ಮೂರು ವರ್ಷಕ್ಕೊಮ್ಮೆ, ಅದೂ ಒಳ್ಳೆ ಗುರುತು. "ನೀರು ನಿಂತ ಮಾರನೇ ವರ್ಷ, ಭೂಮಿ ಹುಣ್ಣಿಮೆ ಆಗಿತ್ತು, ಕೊಯ್ಲು ಆಗಿರ್ಲಿಲ್ಲ" ಅಂದರೆ ನಿಮಗೆ ವರ್ಷವೂ ತಿಂಗಳೂ ಸಿಕ್ಕಿತು. ಆದರೆ ಕಡತದಲ್ಲಿ ಅವರು ಹೇಳಿದ ಮಾತನ್ನೇ ಬರೆದು, ನಿಮ್ಮ ಲೆಕ್ಕದ ತಾರೀಖನ್ನು ಪಕ್ಕದಲ್ಲಿ ಬೇರೆಯಾಗಿ ಬರೆಯಿರಿ. ನಾಳೆ ನಿಮ್ಮ ಲೆಕ್ಕ ತಪ್ಪಾದರೂ ಅವರ ಮಾತು ಉಳಿಯಬೇಕು.

ಇಬ್ಬರು ಎರಡು ಥರ ಹೇಳಿದರೆ ಎರಡನ್ನೂ ಇಡಿ. ಸರಿ ಮಾಡಲು ಹೋಗಬೇಡಿ.

ಬೈಗುಳ ಬಂದಾಗ ಏನು ಮಾಡುವುದು? ನಾನು ಇದರಲ್ಲಿ ಎರಡು ಸಲ ಮನಸ್ಸು ಬದಲಿಸಿದ್ದೇನೆ. ಮೊದಲು ಎಲ್ಲ ಕಡೆ ಚುಕ್ಕಿ ಹಾಕಿದೆ. ಆಗ ಒಬ್ಬ ಹುಡುಗ ಕೇಳಿದ, "ಅವ್ರು ಅಂದಿದ್ದನ್ನ ನೀವ್ಯಾಕೆ ಮುಚ್ತೀರಿ ಅಣ್ಣಾ?" ಸರಿಯೇ. ಈಗ ಮೂಲ ಬರಹದಲ್ಲಿ ಅಂದದ್ದು ಅಂದ ಹಾಗೇ ಇರುತ್ತದೆ, ಹೊರಗೆ ತೋರಿಸುವ ಪ್ರತಿಯಲ್ಲಿ ಆ ಮನೆಯವರು ಹೇಳಿದ ಹಾಗೆ.

ಪೆಟ್ಟಿಗೆ, ಒಲೆ, ಬೀದಿ

ಈಗ ನನ್ನ ದೊಡ್ಡ ತಪ್ಪು. ಆ ಮುಚ್ಚಳಿಕೆಯ ಫೋಟೊ ತೆಗೆದು, ಸಿಟ್ಟಿನಲ್ಲಿ, ಊರಿನ ವಾಟ್ಸಾಪ್ ಗುಂಪಿಗೆ ಹಾಕಿದೆ. ಕೊಟ್ಟವರನ್ನು ಕೇಳಲಿಲ್ಲ. ಹೆಸರು ಮುಚ್ಚಿದ್ದೆ, ಆದರೆ ಊರಲ್ಲಿ ಹೆಸರು ಮುಚ್ಚಿದರೆ ಯಾರಿಗೆ ಗೊತ್ತಾಗಲ್ಲ? ಆ ವರ್ಷ ಅವರ ಮೊಮ್ಮಗನನ್ನು ಅಡಿಕೆ ಕೊನೆಕೊಯ್ಲಿಗೆ ಯಾರೂ ಕರೆಯಲಿಲ್ಲ. ನನಗೆ ನಾಲ್ಕು ಜನ ಮೆಚ್ಚಿಕೆ ಹೇಳಿದರು, ಅವರಿಗೆ ಕೂಲಿ ಹೋಯಿತು.

ಆಮೇಲೆ ಒಂದು ಪದ್ಧತಿ ಮಾಡಿಕೊಂಡೆ. ಪ್ರತಿ ಕಾಗದಕ್ಕೂ ಪ್ರತಿ ಮಾತಿಗೂ ಮೂರರಲ್ಲಿ ಒಂದು ಜಾಗ. ಪೆಟ್ಟಿಗೆ ಅಂದರೆ ಬೀಗ, ಯಾರಿಗೂ ತೋರಿಸುವಂತಿಲ್ಲ. ಎರಡನೆಯದಕ್ಕೆ ನಾನು "ಜಗಲಿ" ಅಂತ ಹೆಸರಿಟ್ಟಿದ್ದೆ, ಮನೆಯವರು ನೆಂಟರು ಕೇಳಬಹುದಾದದ್ದು. ಅದನ್ನು ವಿವರಿಸಿದಾಗ ಅಜ್ಜಿಯೊಬ್ಬರು ನಕ್ಕರು. "ನಮ್ಮನ್ನೇ ಜಗಲಿ ಹತ್ಸಲಿಲ್ಲ ನಿಮ್ಮೋರು, ಈಗ ನಮ್ಮ ಮಾತನ್ನ ಹತ್ಸ್ತೀಯ ತಮ್ಮಾ?" ಅವತ್ತಿನಿಂದ ಅದು "ಒಲೆ", ಅವರ ಒಲೆ ಮುಂದೆ ಆಡಬಹುದಾದ ಮಾತು. ಮೂರನೆಯದು ಬೀದಿ, ಎಲ್ಲರಿಗೂ. ಯಾವುದು ಎಲ್ಲಿ ಅಂತ ಹೇಳುವವರು ಅವರೇ, ಎಷ್ಟು ಸಲ ಬೇಕಾದರೂ ಬದಲಿಸಬಹುದು. ಒಪ್ಪಿಗೆಯನ್ನು ಬರವಣಿಗೆಯಲ್ಲಿ ಕೇಳುವಾಗ ಹುಷಾರು. ಛಾಪಾ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಎಲ್ಲ ಕಳಕೊಂಡ ಮನೆಯಲ್ಲಿ ನೀವೂ ಒಂದು ಕಾಗದ ಚಾಚಿದರೆ ಹೇಗಿರುತ್ತದೆ ಯೋಚಿಸಿ. ನಾನು ಒಪ್ಪಿಗೆಯನ್ನು ಅವರ ದನಿಯಲ್ಲೇ ರೆಕಾರ್ಡ್ ಮಾಡುತ್ತೇನೆ.

ಕಾನೂನಿನ ಎರಡು ಮಾತು. ಅತ್ಯಾಚಾರಕ್ಕೆ ಒಳಗಾದವರ ಗುರುತು ಹೊರಗೆ ಹಾಕುವುದು ಅಪರಾಧ, ಹಿಂದೆ ದಂಡ ಸಂಹಿತೆಯ 228ಎ, ಈಗ ಭಾರತೀಯ ನ್ಯಾಯ ಸಂಹಿತೆಯ 72. ಅದು ಯಾವಾಗಲೂ ಪೆಟ್ಟಿಗೆಗೇ. ಇನ್ನು ಹೊಡೆದವರ ಹೆಸರು: ಸತ್ತವರ ವಿಷಯದಲ್ಲೂ ಮಾನನಷ್ಟದ ಕೇಸು ಹಾಕಬಹುದು. ತೀರ್ಪಿನಲ್ಲಿ, ಎಫ್‌ಐಆರ್‌ನಲ್ಲಿ ಹೆಸರಿದ್ದರೆ "ಇಂಥ ಕಾಗದದಲ್ಲಿ ಹೀಗಿದೆ" ಅಂತಲೇ ಬರೆಯಿರಿ. ಪೊಲೀಸರು ಬಿ ರಿಪೋರ್ಟ್ ಹಾಕಿ ಕೇಸು ಮುಚ್ಚಿದ್ದರೆ ಅದನ್ನೂ ಬರೆಯಿರಿ. ಬೀದಿಗೆ ಬಿಡುವ ಮುಂಚೆ ಒಬ್ಬ ವಕೀಲರಿಗೆ ತೋರಿಸಿ.

ಕಾಗದ ಕೆಡದ ಹಾಗೆ

ಮಲೆನಾಡಲ್ಲಿ ಕಾಗದದ ಶತ್ರು ತಂಡಿ, ಬೂಷ್ಟು, ಗೆದ್ದಲು. ಲ್ಯಾಮಿನೇಶನ್ ಮಾಡಿಸಬೇಡಿ, ದಯವಿಟ್ಟು. ಒಳಗೆ ಕಾಗದ ಬೆಂದುಹೋಗುತ್ತದೆ, ಮತ್ತೆ ಬಿಡಿಸಲು ಬರುವುದಿಲ್ಲ. ಸೆಲ್ಲೋಟೇಪೂ ಬೇಡ, ಸ್ಟೇಪ್ಲರ್ ಪಿನ್ನು ತುಕ್ಕು ಹಿಡಿಯುತ್ತದೆ. ಮೆತ್ತನೆ ಬ್ರಷ್‌ನಲ್ಲಿ ಧೂಳು ಹೊಡೆದು, ತೊಳೆದ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ, ಗೋಡೆಗೆ ತಾಗದ ಹಾಗೆ ಕಬ್ಬಿಣದ ಟ್ರಂಕಿನಲ್ಲಿ ಇಡಿ. ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಮಳೆಗಾಲದಲ್ಲಿ ಆಗಾಗ ಬದಲಿಸಿ.

ಫೋಟೊಕ್ಕೆ ಫ್ಲಾಶ್ ಬೇಡ, ಕಿಟಕಿ ಪಕ್ಕದ ಬೆಳಕು ಸಾಕು. ಹಿಂಬದಿ ಖಾಲಿ ಇದ್ದರೂ ತೆಗೆಯಿರಿ, ಛಾಪಾ ಕಾಗದ ಮಾರಿದವನ ಸೀಲು ಅಲ್ಲೇ ಇರುತ್ತದೆ. ಸ್ಕ್ಯಾನರ್ ಇದ್ದರೆ 300 ಡಿಪಿಐ, ಸಣ್ಣ ಫೋಟೊ ಆದರೆ 600. ಫೈಲಿಗೆ ಊರು, ವರ್ಷ, ಏನು, ಎಷ್ಟನೆಯದು ಅಂತ ಒಂದೇ ಕ್ರಮದಲ್ಲಿ ಹೆಸರಿಡಿ. ಹಳೇ "ನುಡಿ", "ಬರಹ" ತಂತ್ರಾಂಶಗಳ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಯೂನಿಕೋಡಿಗೆ ಬದಲಿಸಿಕೊಳ್ಳಿ. ಮೂರು ಪ್ರತಿ: ಒಂದು ಆ ಮನೆಯವರ ಹತ್ತಿರ, ಒಂದು ನಿಮ್ಮ ಹತ್ತಿರ, ಒಂದು ಜಿಲ್ಲೆಯ ಹೊರಗೆ. ಓದಲು ಬರದವರಿಗೆ ಕೂತು ಓದಿ ಹೇಳಿ. ಪೆನ್‌ಡ್ರೈವ್ ಕೊಟ್ಟು ಬರುವುದು ಕೊಟ್ಟಂತಲ್ಲ.

ಮೂಲ ಕಾಗದದ ಮೇಲೆ ಏನನ್ನೂ ಬರೆಯಬಾರದು. ಇದು ಎಲ್ಲರೂ ಒಪ್ಪುವ ನಿಯಮ. ಜಗಲಿಯ ಮಾತು ಹೇಳಿ ನಕ್ಕ ಅದೇ ಅಜ್ಜಿ, ನಮ್ಮ ಲೆಕ್ಕದ ಪುಸ್ತಕದಲ್ಲಿ ಹೆಸರಿದ್ದವನ ಮೊಮ್ಮಗಳು, ನನ್ನನ್ನು ಕೇಳಿದ್ದು ಒಂದೇ. ದುಡ್ಡು ಕೇಳಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. "ಅದ್ರಾಗೆ ಬಾಕಿ ತೀರ್ತು ಅಂತ ಬರೀರಿ. ನಿಮ್ಮಜ್ಜ ಬರ್ದಿದ್ ಪುಟ್ದಾಗೇ ಬರೀರಿ."

ಬರೆಯುವಂತಿಲ್ಲ. ಬರೆಯದೇ ಇರುವಂತೆಯೂ ಇಲ್ಲ. ಒಂದು ತಿಂಗಳು ಒದ್ದಾಡಿ, ಅವರನ್ನೇ ಮತ್ತೆ ಹೋಗಿ ಕೇಳಿ, ಕೊನೆಗೆ ಹೀಗೆ ಮಾಡಿದೆವು. ಅದೇ ಅಳತೆಯ ಹೊಸ ಹಾಳೆ ಕತ್ತರಿಸಿ, ಆ ಪುಟದ ಎದುರಿಗೆ ಇಟ್ಟೆವು, ಅಂಟಿಸಲಿಲ್ಲ. ಅದರಲ್ಲಿ ಇಬ್ಬರ ಹೆಸರನ್ನೂ ಪೂರ್ತಿ ಬರೆದೆ, ಈ ಸಲ ಅಪ್ಪನ ಹೆಸರು ಸೇರಿಸಿ. "ಬಾಕಿ ಏನೂ ಇಲ್ಲ, ಇರಲೂ ಇಲ್ಲ. ಕೆಲಸದ ಕೂಲಿ ಕೊಡಲಿಲ್ಲ" ಅಂತ ಬರೆದು ತಾರೀಖು ಹಾಕಿದೆ. ಅಜ್ಜಿಯ ಮೊಮ್ಮಗ ಅದನ್ನು ಎರಡು ಸಲ ಗಟ್ಟಿಯಾಗಿ ಓದಿದ. ಕೆಳಗೆ ನಮ್ಮ ಮನೆಯವರ ಸಹಿಗೆ ಎರಡು ಗೆರೆ ಎಳೆದಿದ್ದೇವೆ. ಒಂದರ ಮೇಲೆ ನನ್ನ ಸಹಿ ಇದೆ. ಚಿಕ್ಕಪ್ಪ ಇನ್ನೂ ಹಾಕಿಲ್ಲ.